ಇಲ್ಲದ ವಸ್ತುವಿನ ಪ್ರತಿಕೃತಿ

ಕಳೆದ ತಿಂಗಳು ನಮ್ಮ ಸಂಘದ ಸಾಯಂಕಾಲದ ಗೋಷ್ಠಿಯು ಮುಗಿದ ಮೇಲೆ, ಹಿಂದೆ ನನ್ನಲ್ಲಿ ಓದಿದ ತರುಣನೊಬ್ಬನು ತನ್ನ ಕೈಚೀಲದಿಂದ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟನು. ಒಂದು ಗೇಣಿಗಿಂತ ತುಸು ಉದ್ದವಾದ, ಬೆಳ್ಳಿಯಂತೆ ಹೊಳೆಯುವ ಲೋಹದ ಹಿಡಿ. ಕೆಳಭಾಗದಲ್ಲಿ ಕರಿಯ ಪಟ್ಟಿಗಳು, ನಡುವೆ ಒಂದು ಬಿಗಿಪಟ್ಟಿ, ಪಕ್ಕದಲ್ಲಿ ಕೆಂಪು ಗುಂಡಿ. ೧೯೭೭ರಲ್ಲಿ ತೆರೆಗೆ ಬಂದ ‘ಸ್ಟಾರ್ ವಾರ್ಸ್’ ಎಂಬ ಚಲಚ್ಚಿತ್ರದಲ್ಲಿ ನಾಯಕನು ಹಿಡಿಯುವ ಬೆಳಕಿನ ಖಡ್ಗದ ಹಿಡಿಯಿದು. ಎರಡು ವರ್ಷಗಳ ರಜಾದಿನಗಳನ್ನೆಲ್ಲ ವ್ಯಯಮಾಡಿ ಲೇತಿನ ಮೇಲೆ ತಾನೇ ಕಡೆದು ಮಾಡಿದೆನು ಎಂದು ಅವನು ಹೇಳಿದನು. ಸಭೆಯಲ್ಲಿದ್ದ ಹಿರಿಯರೊಬ್ಬರು ಅದನ್ನು ತಿರುಗಿಸಿ ನೋಡಿ, “ಬೆಳಕಿನ ಖಡ್ಗವೆಂಬುದೇ ಒಂದು ಸುಳ್ಳು. ಆ ಸುಳ್ಳಿಗೆ ಚಿತ್ರದವರು ಮಾಡಿದ ಹಿಡಿ ಎರಡನೆಯ ಸುಳ್ಳು. ಅದನ್ನು ನೋಡಿ ನೀನು ಮಾಡಿದ್ದು ಮೂರನೆಯದು, ಅಲ್ಲವೇನಪ್ಪಾ?” ಎಂದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕು ವಸ್ತುವನ್ನು ಚೀಲಕ್ಕೆ ಹಾಕಿಕೊಂಡನು. ನಾನು ಆಗ ಏನನ್ನೂ ಹೇಳಲಿಲ್ಲ. ಆಗ ಹೇಳದೆ ಉಳಿದ ಮಾತನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ.

ಆಕ್ಷೇಪವು ಹೊಸದಲ್ಲ. ಬಡಗಿಯು ಮಾಡಿದ ಮಂಚವು ಮಂಚದ ತತ್ತ್ವಕ್ಕಿಂತ ಒಂದು ಮೆಟ್ಟಲು ಕೆಳಗಿನದು, ಚಿತ್ರಕಾರನು ಬರೆದ ಮಂಚವು ಅದಕ್ಕಿಂತಲೂ ಕೆಳಗಿನದು ಎಂದು ಯವನದೇಶದ ಪ್ಲೇಟೋ ಬಹುಕಾಲದ ಹಿಂದೆಯೇ ವಾದಿಸಿದ್ದನು. ನಮ್ಮ ಹಿರಿಯರು ಹೇಳಿದ್ದು ಅದೇ ವಾದದ ಮನೆಮಾತು. ಅಂತು ಪೂರ್ವಪಕ್ಷವು ಪ್ರಬಲವಾಗಿಯೇ ಇದೆ. ಪೂರ್ವಪಕ್ಷವನ್ನು ನಕ್ಕು ಬಿಟ್ಟುಬಿಡುವುದು ಶಾಸ್ತ್ರಮರ್ಯಾದೆಯಲ್ಲ. ಅದಕ್ಕೆ ಉತ್ತರವನ್ನು ಕೊಡಬೇಕು, ಇಲ್ಲವೆ ಅದನ್ನು ಒಪ್ಪಿಕೊಳ್ಳಬೇಕು.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ವಿಜ್ಞಾನವನ್ನು ಆಧಾರಮಾಡಿಕೊಂಡು ಕಲ್ಪಿಸಿದ ಕಥೆಗಳ ಚಲಚ್ಚಿತ್ರಗಳಲ್ಲಿ, ಲೋಕದಲ್ಲಿ ಎಲ್ಲಿಯೂ ಇಲ್ಲದ ಆಯುಧಗಳು, ಯಂತ್ರಮಾನವರು, ವಾಹನಗಳು, ಶಿರಸ್ತ್ರಾಣಗಳು ಬರುತ್ತವೆ. ಚಿತ್ರಕ್ಕಾಗಿ ಇವನ್ನು ಶಿಲ್ಪಿಗಳು ನಿರ್ಮಿಸುತ್ತಾರೆ. ಚಿತ್ರವು ಮುಗಿದ ಮೇಲೆ ಅವುಗಳಲ್ಲಿ ಬಹುಭಾಗವು ಒಡೆದುಹೋಗುತ್ತದೆ, ಮಾರಾಟವಾಗುತ್ತದೆ, ಅಥವಾ ಕಸಕ್ಕೆ ಸೇರುತ್ತದೆ. ಇಂಗ್ಲೆಂಡು ಅಮೆರಿಕಾ ಮೊದಲಾದ ದೇಶಗಳಲ್ಲಿ ಸಹಸ್ರಾರು ಜನರು, ಹಣದ ಆಸೆಯಿಲ್ಲದೆ, ಅಂಥ ವಸ್ತುಗಳನ್ನು ತೆರೆಯ ಮೇಲೆ ಕಂಡಂತೆಯೇ ತಮ್ಮ ಕೈಯಿಂದ ಮತ್ತೆ ಮಾಡುತ್ತಾರೆ. ಮರ, ಲೋಹ, ಪ್ಲಾಸ್ಟಿಕ್ ಹಾಳೆ, ರಬ್ಬರಿನ ಅಚ್ಚು, ಅದರಲ್ಲಿ ಎರೆಯುವ ರಾಳ, ಬಣ್ಣ ಇವು ಅವರ ಸಾಮಗ್ರಿ. ರಾಜಮಂದಿರದ ಪ್ರತಿಕೃತಿಯನ್ನು ಮಾಡುವವನಿಗೆ ಮಂದಿರವು ಕಣ್ಣೆದುರಿಗೆ ನಿಂತಿರುತ್ತದೆ. ಇವರಿಗಾದರೋ, ಕ್ಷಣಮಾತ್ರ ಮಿಂಚಿ ಮರೆಯಾದ ಬಿಂಬವೊಂದೇ ಆಧಾರ.

ಇಂಥ ನಿರ್ಮಾಣವು ನಮ್ಮ ಶಾಸ್ತ್ರಕ್ಕೆ ಅಪರಿಚಿತವಾದುದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯವನ್ನು ನಿರೂಪಿಸುವಾಗ, ರಂಗಕ್ಕಾಗಿ ಕೃತಕವಾಗಿ ಮಾಡಿದ ವಸ್ತುಗಳಿಗೆ ‘ಪುಸ್ತ’ವೆಂದು ಹೆಸರಿಟ್ಟು, ಸಂಧಿಮ, ವ್ಯಾಜಿಮ, ವೇಷ್ಟಿಮವೆಂದು ಮೂರು ಭೇದಗಳನ್ನು ಹೇಳುತ್ತಾನೆ. ಚಾಪೆ, ಬಟ್ಟೆ, ತೊಗಲುಗಳನ್ನು ಜೋಡಿಸಿ ಮಾಡಿದುದು ಸಂಧಿಮ. ಯಂತ್ರದ ಉಪಾಯದಿಂದ ಚಲಿಸುವುದು ವ್ಯಾಜಿಮ. ಸುತ್ತಿ ರೂಪಕೊಟ್ಟುದು ವೇಷ್ಟಿಮ. ಪುಸ್ತದ ಉದಾಹರಣೆಗಳಲ್ಲಿ ಪರ್ವತ, ವಾಹನ, ಕವಚ, ಧ್ವಜಗಳೊಡನೆ ವಿಮಾನವೂ ಸೇರಿರುವುದನ್ನು ಗಮನಿಸಬೇಕು. ರಂಗದ ಆಯುಧವನ್ನು ಕಬ್ಬಿಣದಿಂದ ಮಾಡಬಾರದು, ನಟನಿಗೆ ಆಯಾಸವಾಗದಂತೆ ಅರಗು, ಬಿದಿರು, ತೊಗಲು ಮೊದಲಾದ ಹಗುರವಾದ ದ್ರವ್ಯಗಳಿಂದ ಮಾಡಬೇಕೆಂಬುದೂ ಮುನಿಯ ಮತ. ಯಂತ್ರಮಾನವನನ್ನು ಒಳಗಿನಿಂದ ಒಬ್ಬ ಮನುಷ್ಯನು ನಡೆಯಿಸುವ ಇಂದಿನ ಚಿತ್ರಶಿಲ್ಪವು ಈ ವ್ಯಾಜಿಮದ ವಂಶಕ್ಕೆ ಸೇರಿದುದೇ ಆಗಿದೆ.

ಇನ್ನು ‘ಎರಡನೆಯ ಸುಳ್ಳ’ನ್ನು ಪರೀಕ್ಷಿಸೋಣ. ರಸವು ಅನುಕರಣರೂಪವೆಂದು ಶ್ರೀಶಂಕುಕನು ಹೇಳಿದಾಗ, ಅಭಿನವಗುಪ್ತನ ಗುರುವಾದ ಭಟ್ಟತೌತನು ಅದನ್ನು ಖಂಡಿಸಿದನು. ಅವನ ವಾದದ ಸಾರವಿಷ್ಟು: ಮೂಲವನ್ನು ಕಂಡವನು ಮಾತ್ರ ಇದು ಅದರ ಅನುಕರಣವೆಂದು ಹೇಳಬಲ್ಲನು, ರಾಮನನ್ನು ಕಂಡವರು ಯಾರು? ಅದೇ ನ್ಯಾಯವು ಇಲ್ಲಿಯೂ ಸಲ್ಲುತ್ತದೆ. ಬೆಳಕಿನ ಖಡ್ಗವನ್ನು ಕಂಡವರು ಯಾರೂ ಇಲ್ಲ. ಆದುದರಿಂದ ಚಿತ್ರಶಿಲ್ಪಿಯು ಮಾಡಿದ ಹಿಡಿಯು ಯಾವುದರ ಅನುಕರಣವೂ ಅಲ್ಲ, ಅದು ನಿರ್ಮಾಣವೇ ಸರಿ. ಪ್ರೇಕ್ಷಕನನ್ನು ವಂಚಿಸುವ ಉದ್ದೇಶವೂ ಅಲ್ಲಿಲ್ಲ. ಹೀಗೆ ಎರಡನೆಯದು ಸುಳ್ಳೆನ್ನಿಸಿಕೊಳ್ಳುವುದಿಲ್ಲವಾದ ಮೇಲೆ, ಮೂರನೆಯದಕ್ಕೆ ಒಂದು ನಿಜವಾದ ಮೂಲವು ದೊರೆಯಿತು.

ಆ ನಿರ್ಮಾಣದ ಬಗೆಯು ಬಹು ಕುತೂಹಲಕರವಾಗಿದೆ. ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ರಂಗಸಜ್ಜಿಕೆಯನ್ನು ಒದಗಿಸಿದ ರೋಜರ್ ಕ್ರಿಶ್ಚಿಯನ್ ಎಂಬುವನು, ಲಂಡನ್ನಿನ ಒಂದು ಛಾಯಾಚಿತ್ರಸಾಮಗ್ರಿಯ ಅಂಗಡಿಯಲ್ಲಿ ಗ್ರಾಫ್ಲೆಕ್ಸ್ ಎಂಬ ಅಮೆರಿಕದ ಹಳೆಯ ಫ್ಲ್ಯಾಶ್ ಹಿಡಿಗಳನ್ನು ಕಂಡನು. ವೃತ್ತಪತ್ರಿಕೆಯ ಛಾಯಾಗ್ರಾಹಕರು ಹಿಂದೆ ದೊಡ್ಡ ಕ್ಯಾಮರಾಗಳಿಗೆ ಜೋಡಿಸುತ್ತಿದ್ದ, ಮೂರು ಬ್ಯಾಟರಿ ಶೆಲ್ಲುಗಳನ್ನು ಹಿಡಿಸುವ ಕೊಳವೆಯದು. ಅದಕ್ಕೆ ಕರಿಯ ಪಟ್ಟಿಗಳನ್ನು ಅಂಟಿಸಿ, ಬಿಗಿಪಟ್ಟಿಯೊಳಗೆ ಲೆಕ್ಕದ ಯಂತ್ರದ ಗಾಜಿನಂಥ ಗುಳ್ಳೆಗಳ ತುಂಡೊಂದನ್ನು ಸೇರಿಸಿದನು. ಖಡ್ಗದ ಹಿಡಿಯು ಸಿದ್ಧವಾಯಿತು. ಅದೇ ಚಿತ್ರದ ವೃದ್ಧ ಗುರುವಿನ ಖಡ್ಗದಲ್ಲಿ ಒಂದನೆಯ ಮಹಾಯುದ್ಧದ ಬಂದೂಕಿನ ಗ್ರೆನೇಡು, ರೋಲ್ಸ್ ರಾಯ್ಸ್ ಜೆಟ್ ಯಂತ್ರದ ಕೊಳವೆಯ ತುಂಡು, ನೀರಿನ ನಲ್ಲಿಯ ತಿರುಪು ಇವು ಒಂದುಗೂಡಿವೆ. ಇನ್ನೊಬ್ಬ ಪಾತ್ರದ ಪಿಸ್ತೂಲು ಜರ್ಮನಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಮೌಸರ್ ಪಿಸ್ತೂಲೇ. ಈ ಚಿತ್ರದ ರಂಗಸಜ್ಜಿಕೆಗೆ ಕ್ರಿಶ್ಚಿಯನ್ನನೂ ಅವನ ಸಹಕಾರಿಗಳೂ ಆಸ್ಕರ್ ಪಾರಿತೋಷಕವನ್ನು ಪಡೆದರು. ನವೀನವೆಂದು ಲೋಕವು ಬೆರಗಾದುದು ಹಳೆಯ ಸಾಮಾನುಗಳ ಸಂಧಿಮ. ಹೊಸದಾಗಿ ಎರಕ ಹೊಯ್ದ ವಸ್ತುವಿಗಿಂತ, ಒಮ್ಮೆ ಯಾವುದೋ ಕೆಲಸಕ್ಕೆ ಬಳಸಿದ ವಸ್ತುವಿನಲ್ಲಿ ಬಾಳಿನ ಗುರುತಿರುವುದರಿಂದ, ಇಲ್ಲದ ಲೋಕಕ್ಕೂ ಒಂದು ಇತಿಹಾಸವಿರುವಂತೆ ಭಾಸವಾಯಿತು.

ಇದಕ್ಕಿಂತ ಸ್ವಾರಸ್ಯವಾದ ನಿದರ್ಶನವು ೧೯೬೬ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಕಥಾಮಾಲೆಯದು. ಒಂದು ಸಂದರ್ಭಕ್ಕೆ ಉಪ್ಪಿನ ಡಬ್ಬಿಗಳು ಬೇಕಾಗಿ, ವಿಚಿತ್ರಾಕಾರದ ಕೆಲವನ್ನು ಅಂಗಡಿಯಿಂದ ಕೊಂಡುತಂದರು. ನೋಡಿದವರಿಗೆ ಅವು ಉಪ್ಪಿನ ಡಬ್ಬಿಗಳೆಂದು ತಿಳಿಯುವಂತಿರಲಿಲ್ಲವಾದುದರಿಂದ ಅಲ್ಲಿ ಸಾಧಾರಣವಾದ ಡಬ್ಬಿಯನ್ನೇ ಇಟ್ಟು, ಕೊಂಡವನ್ನು ನೌಕೆಯ ವೈದ್ಯನ ಶಸ್ತ್ರೋಪಕರಣಗಳಾಗಿ ಬಳಸಿದರು. ನಿಜವಾದ ಉಪ್ಪಿನ ಡಬ್ಬಿಯು ಉಪ್ಪಿನ ಡಬ್ಬಿಯಾಗಿ ಸಲ್ಲಲಿಲ್ಲ, ವೈದ್ಯಶಸ್ತ್ರವಾಗಿ ಸಂದಿತು! ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನು ಇದನ್ನು ಕೇಳಿದ್ದರೆ ತನ್ನ ಗ್ರಂಥಕ್ಕೆ ಒಂದು ಉದಾಹರಣೆಯು ದೊರೆಯಿತೆಂದು ಸಂತೋಷಿಸುತ್ತಿದ್ದನು.

ಪ್ರಕೃತಕ್ಕೆ ಬರೋಣ. ಪ್ರತಿಕೃತಿಕಾರನು ಮಾಡುವ ಕೆಲಸವೇನು? ಅವನು ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾನೆ. ವಸ್ತುವಿನ ಯಾವುದಾದರೂ ಒಂದು ಅವಯವವು ಅಂಗಡಿಯಲ್ಲಿ ದೊರೆತಿದ್ದ ವಸ್ತುವೆಂದು ಗುರುತಿಸಿದನಾದರೆ, ಅದರ ಅಳತೆಯಿಂದ ಉಳಿದ ಅವಯವಗಳ ಪ್ರಮಾಣವನ್ನು ಸಾಧಿಸುತ್ತಾನೆ. ಮಬ್ಬಾದ ಎರಡು ಛಾಯಾಚಿತ್ರಗಳಲ್ಲಿ ಕಂಡ ಗೆರೆಯೊಂದು ಬಿರುಕೋ, ಬೆಸುಗೆಯೋ, ನೆರಳೋ ಎಂದು ವಾದಿಸುತ್ತಾನೆ. ಒಂದು ಮೊಳೆಯ ತಲೆಗಾಗಿ ಮಿತ್ರರೊಡನೆ ವರ್ಷಗಟ್ಟಲೆ ಚರ್ಚಿಸುತ್ತಾನೆ. ಇದನ್ನು ಕೇಳಿದಾಗ ನನಗೆ ಪಾಠಶಾಲೆಯ ದಿನಗಳು ನೆನಪಾದುವು. ನಮ್ಮ ಗುರುಗಳು ಒಂದು ಚಕಾರದ ಪ್ರಯೋಜನವನ್ನು ಕುರಿತು ಒಂದು ಬೆಳಗಿನ ಪಾಠವನ್ನೆಲ್ಲ ನಡೆಯಿಸುತ್ತಿದ್ದರು. ಹೊರಗಿನವರಿಗೆ ಅದು ಹಾಸ್ಯಾಸ್ಪದವಾಗಿ ಕಂಡಿರಬಹುದು. ಆದರೆ ಒಳಗೆ ಕುಳಿತಿದ್ದ ನಮಗೆ ಕವಿಯ ಮನಸ್ಸಿನ ಬಾಗಿಲು ತೆರೆದುದು ಅಂಥ ಬೆಳಗುಗಳಲ್ಲಿಯೇ.

ಆದುದರಿಂದ ನನ್ನ ಸಿದ್ಧಾಂತವಿದು: ಕೈಯಿಂದ ಮಾಡಿದ ಪ್ರತಿಕೃತಿಯು ಒಂದು ಟೀಕೆ. ಅಕ್ಷರದಲ್ಲಿ ಬರೆಯುವುದಕ್ಕೆ ಬದಲಾಗಿ ಲೋಹದಲ್ಲಿಯೂ ಮರದಲ್ಲಿಯೂ ಬರೆದ ವ್ಯಾಖ್ಯಾನ. ವ್ಯಾಖ್ಯಾನವನ್ನು ಯಾವ ನಿಕಷದಿಂದ ಪರೀಕ್ಷಿಸುತ್ತೇವೆಯೋ ಅದರಿಂದಲೇ ಇದನ್ನೂ ಪರೀಕ್ಷಿಸತಕ್ಕದ್ದು. ಮೂಲದಲ್ಲಿಲ್ಲದುದನ್ನು ಬರೆಯುವುದಿಲ್ಲ, ಬೇಡದುದನ್ನು ಹೇಳುವುದಿಲ್ಲವೆಂಬ ಮಲ್ಲಿನಾಥನ ವ್ರತವು ಪ್ರಸಿದ್ಧವಾಗಿದೆ. ಒಳ್ಳೆಯ ಪ್ರತಿಕೃತಿಕಾರನ ವ್ರತವೂ ಅದೇ. ಕಾಳಿದಾಸನಿಗೆ ಮಲ್ಲಿನಾಥನು ಸಮನೆಂದು ಯಾರೂ ಹೇಳುವುದಿಲ್ಲ. ಆದರೆ ಮಲ್ಲಿನಾಥನು ಬರೆದುದು ‘ಎರಡನೆಯ ಕಾವ್ಯ’ವೆಂದು ಯಾರೂ ತಿರಸ್ಕರಿಸಿಯೂ ಇಲ್ಲ.

ಟೀಕಾಕಾರರಲ್ಲಿರುವಂತೆ ಇವರಲ್ಲಿಯೂ ಎರಡು ಪಕ್ಷಗಳುಂಟು. ಚಿತ್ರದ ವಸ್ತುವಿನಲ್ಲಿ ಅವಸರದಿಂದ ಅಂಟು ಸೋರಿದ್ದರೆ ಅದನ್ನೂ, ಒಂದು ಕಡೆ ಬಣ್ಣ ಹಾರಿದ್ದರೆ ಅದನ್ನೂ ಹಾಗೆಯೇ ಮಾಡಬೇಕೆಂಬವರು ಯಥಾಪಾಠವಾದಿಗಳು. ಚಿತ್ರಶಿಲ್ಪಿಯು ಉದ್ದೇಶಿಸಿದ್ದ ಸಂಪೂರ್ಣವಾದ ರೂಪವನ್ನು ಮಾಡಬೇಕು, ಲೋಪಗಳನ್ನು ತಿದ್ದಬೇಕು ಎಂಬವರು ಪಾಠಶೋಧಕರು. ನನ್ನ ಒಲವು ಮೊದಲನೆಯ ಪಕ್ಷದ ಕಡೆಗೆ. ಅಂಟು ಸೋರಿದ ಗುರುತು ನಾಳೆಯ ಚಿತ್ರೀಕರಣಕ್ಕಾಗಿ ಇಂದು ರಾತ್ರಿ ಎಚ್ಚರವಿದ್ದ ಒಂದು ಕೈಯ ಗುರುತು. ಅದನ್ನು ಅಳಿಸಿದರೆ ಮೂಲದ ಒಂದು ಅರ್ಥವನ್ನೇ ಅಳಿಸಿದಂತಾಗುವುದು. ಆದರೆ ಈ ಪಕ್ಷಕ್ಕೂ ಒಂದು ಅಪಾಯವುಂಟು. ಕಾರಣವನ್ನರಿಯದೆ ಗೀರುಗಳನ್ನು ಮಾತ್ರ ನಕಲು ಮಾಡುವವನು ಅರ್ಥವನ್ನರಿಯದೆ ಪಾಠವನ್ನು ಒಪ್ಪಿಸುವ ಬಾಲಕನಂತೆ. ಕರಿಯ ಬಣ್ಣದ ಕೆಳಗೆ ಬೆಳ್ಳಿಯ ಬಣ್ಣವನ್ನು ಕೊಟ್ಟು, ಕೈಯು ತಾಗುವ ಅಂಚುಗಳಲ್ಲಿ ಮಾತ್ರ ಮೇಲಿನದನ್ನು ಉಜ್ಜಿ ತೆಗೆಯುವವನು ಆ ಆಯುಧವನ್ನು ಹಿಡಿದವನ ಕೈಯನ್ನೇ ಕಲ್ಪಿಸಿಕೊಂಡಿರುತ್ತಾನೆ. ಎಲ್ಲೆಂದರಲ್ಲಿ ಉಜ್ಜುವವನು ಬಣ್ಣವನ್ನು ಕೆಡಿಸಿರುತ್ತಾನೆ, ಅಷ್ಟೆ.

ಈ ಟೀಕಾಕಾರ್ಯವು ಎಷ್ಟು ಗಂಭೀರವಾಗಬಲ್ಲದೆಂಬುದಕ್ಕೆ ೧೯೮೨ರ ‘ಬ್ಲೇಡ್ ರನ್ನರ್’ ಚಿತ್ರದ ಪಿಸ್ತೂಲೇ ಸಾಕ್ಷಿ. ಆಸ್ಟ್ರಿಯಾದ ಸ್ಟೈಯರ್ ಬಂದೂಕಿನ ಭಾಗವನ್ನೂ ಅಮೆರಿಕದ ಚಾರ್ಟರ್ ಆರ್ಮ್ಸ್ ರಿವಾಲ್ವರನ್ನೂ ಕೂಡಿಸಿ, ಜೇನಿನ ಬಣ್ಣದ ಪಾರದರ್ಶಕವಾದ ಹಿಡಿಯನ್ನೂ ಸಣ್ಣ ದೀಪಗಳನ್ನೂ ಇಟ್ಟು ಮಾಡಿದ ವಸ್ತುವದು. ಚಿತ್ರದಲ್ಲಿ ಅದು ಕಾಣಿಸುವುದು ಬಹುಮಟ್ಟಿಗೆ ಕತ್ತಲಲ್ಲಿ, ಮಳೆಯಲ್ಲಿ. ಮೂಲವು ಜನರ ಕಣ್ಣಿಗೆ ಬೀಳದೆ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆಯಿತು. ಅಷ್ಟು ಕಾಲವೂ ಪ್ರತಿಕೃತಿಕಾರರು ಊಹೆಯಿಂದ, ತರ್ಕದಿಂದ, ಒಬ್ಬರ ಪಾಠವನ್ನು ಒಬ್ಬರು ತಿದ್ದುತ್ತ ಅದರ ರೂಪವನ್ನು ಸಾಧಿಸುತ್ತ ಬಂದರು. ೨೦೦೬ರಲ್ಲಿ ಅಮೆರಿಕದ ಅನಹೈಮಿನಲ್ಲಿ ನಡೆದ ವಿಶ್ವ ವಿಜ್ಞಾನಕಥಾಸಮ್ಮೇಳನದಲ್ಲಿ ಮೂಲವೇ ಪ್ರದರ್ಶನಕ್ಕೆ ಬಂದಿತು. ಕಳೆದುಹೋದುದೆಂದು ತಿಳಿದಿದ್ದ ಗ್ರಂಥದ ತಾಳೆಯ ಪ್ರತಿಯು ಯಾವುದೋ ಮಠದ ಅಟ್ಟದಲ್ಲಿ ದೊರೆತಾಗ ಸಂಪಾದಕನಿಗೆ ಆಗುವ ಭಯವೂ ಹರ್ಷವೂ ಅಂದು ಅವರಿಗೆ ಆಗಿರಬೇಕು.

ಇಲ್ಲಿ ನ್ಯಾಯಸ್ಥಾನದ ಒಂದು ತೀರ್ಪನ್ನು ವಿಚಾರಿಸುವುದು ಉಚಿತ. ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿಯ ಸೈನಿಕರ ಶಿರಸ್ತ್ರಾಣಗಳನ್ನು ೧೯೭೬ರಲ್ಲಿ ಮಾಡಿಕೊಟ್ಟ ಆಂಡ್ರೂ ಐನ್ಸ್‌ವರ್ತ್ ಎಂಬ ಇಂಗ್ಲಿಷ್ ಕುಶಲಕರ್ಮಿಯು ಬಹುಕಾಲದ ಮೇಲೆ ಅವುಗಳ ಪ್ರತಿಗಳನ್ನು ಮಾಡಿ ಮಾರಲಾಗಿ, ಚಿತ್ರದ ಒಡೆತನದ ಸಂಸ್ಥೆಯು ದಾವೆ ಹೂಡಿತು. ಬ್ರಿಟನ್ನಿನ ಪರಮೋಚ್ಚ ನ್ಯಾಯಾಲಯವು ೨೦೧೧ರಲ್ಲಿ, ಶಿರಸ್ತ್ರಾಣವು ಕಾನೂನಿನ ಅರ್ಥದಲ್ಲಿ ಶಿಲ್ಪವಲ್ಲ, ಚಿತ್ರವನ್ನು ತೆಗೆಯುವುದಕ್ಕೆ ಬಳಸಿದ ಉಪಕರಣ, ಕಲಾಕೃತಿಯು ಚಿತ್ರವೇ ಎಂದು ನಿರ್ಣಯಿಸಿತು. ಅಮೆರಿಕದ ಹಕ್ಕಿನ ಭಂಗವನ್ನು ಇಂಗ್ಲೆಂಡಿನಲ್ಲಿಯೂ ವಿಚಾರಿಸಬಹುದೆಂದು ಅದೇ ತೀರ್ಪಿನಲ್ಲಿ ಹೇಳಿತಾದರೂ ಅದು ನಮಗೆ ಪ್ರಕೃತವಲ್ಲ. ಹಕ್ಕಿನ ದೃಷ್ಟಿಯಿಂದ ಈ ನಿರ್ಣಯವು ಸರಿಯಿರಬಹುದು. ಸಾಹಿತ್ಯವಿಮರ್ಶೆಯ ದೃಷ್ಟಿಯಿಂದಲೂ ಅದರಲ್ಲಿ ಅರ್ಧಸತ್ಯವಿದೆ: ಪುಸ್ತವು ಅಂಗ, ನಾಟ್ಯವು ಅಂಗಿ. ಆದರೆ ಅಂಗಿಯು ಮುಗಿದುಹೋದ ಮೇಲೆಯೂ ಜನರ ಮನಸ್ಸಿನಲ್ಲಿ ಉಳಿಯುವ ಅಂಗವನ್ನು ಬರಿಯ ಉಪಕರಣವೆನ್ನಲಾಗುವುದೆ? ಶಕುಂತಲೆಯ ಉಂಗುರವು ನಾಟಕದ ಒಂದು ಸಣ್ಣ ವಸ್ತು. ಆದರೂ ನಾಟಕದ ಹೆಸರಿನಲ್ಲಿರುವ ‘ಅಭಿಜ್ಞಾನ’ವು ಅದೇ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಮೊದಲನೆಯ ದೋಷ ಹಿಂಸೆ. ಖಡ್ಗದ ಹಿಡಿಯನ್ನು ‘ನಿಜವಾದ’ ಗ್ರಾಫ್ಲೆಕ್ಸಿನಿಂದಲೇ ಮಾಡಬೇಕೆಂಬ ಹಟದಿಂದ ಅನೇಕರು ಹಳೆಯ ಕ್ಯಾಮರಾಗಳ ಹಿಡಿಗಳನ್ನು ಕಿತ್ತು ತಂದರು. ಅವುಗಳ ಬೆಲೆಯು ಹಲವು ಪಟ್ಟು ಏರಿತು. ಹಳೆಯ ಕ್ಯಾಮರಾವನ್ನು ಪ್ರೀತಿಸಿ ರಕ್ಷಿಸುವವರು ದುಃಖಿಸಿದರು. ಮೂಲಪ್ರತಿಯನ್ನು ಹರಿದು ಅದರ ಹಾಳೆಗಳ ಮೇಲೆ ಟೀಕೆಯನ್ನು ಬರೆಯುವವನನ್ನು ಯಾರು ಮೆಚ್ಚುತ್ತಾರೆ? ಎರಡನೆಯದು ಕ್ರಯ. ಸಿದ್ಧವಾದ ಭಾಗಗಳನ್ನು ಕೊಂಡು ತಿರುಪು ಬಿಗಿದು ‘ನಾನು ಮಾಡಿದೆ’ನೆನ್ನುವವರೂ, ಗಣಕಯಂತ್ರವು ಅಚ್ಚುಹಾಕಿದುದನ್ನು ಹೊರತೆಗೆದು ಬಣ್ಣ ಬಳಿಯುವವರೂ ಇಂದು ಹೆಚ್ಚುತ್ತಿದ್ದಾರೆ. ಯಂತ್ರವನ್ನು ನಾನು ನಿಂದಿಸುವುದಿಲ್ಲ. ಆ ರೂಪವನ್ನು ಅಳೆದು ಯಂತ್ರಕ್ಕೆ ಉಪದೇಶಿಸಿದವನು ನಿಜವಾಗಿ ಓದಿರುತ್ತಾನೆ. ಕೊಂಡವನಾದರೋ ಪುಸ್ತಕವನ್ನು ಕಪಾಟಿನಲ್ಲಿಟ್ಟಿರುತ್ತಾನೆ. ಮೂರನೆಯದು ಅತ್ಯಂತ ಹೇಯವಾದ ವಂಚನೆ. ೧೯೫೬ರ ‘ಫರ್ಬಿಡನ್ ಪ್ಲ್ಯಾನೆಟ್’ ಚಿತ್ರದ ಯಂತ್ರಮಾನವ ರಾಬಿಯು ೨೦೧೭ರ ಹರಾಜಿನಲ್ಲಿ ೫೩ ಲಕ್ಷ ೭೫ ಸಾವಿರ ಡಾಲರಿಗೆ ಮಾರಾಟವಾಯಿತು. ಮೂಲಕ್ಕೆ ಇಂಥ ಬೆಲೆಯಿರುವಲ್ಲಿ ಪ್ರತಿಯನ್ನು ಮೂಲವೆಂದು ಹೇಳುವ ಆಸೆಯೂ ಹುಟ್ಟದೆ ಇರದು. ಆದುದರಿಂದ ಒಳಭಾಗದಲ್ಲಿ ತನ್ನ ಹೆಸರನ್ನೂ ಸಂವತ್ಸರವನ್ನೂ ಕೊರೆದಿಡುವುದು ಪ್ರತಿಕೃತಿಕಾರನ ಧರ್ಮ. ನಮ್ಮ ಲಿಪಿಕಾರರು ಪ್ರತಿಯ ಕೊನೆಯಲ್ಲಿ ತಮ್ಮ ಹೆಸರನ್ನು ಬರೆದು ತಪ್ಪಿಗೆ ಕ್ಷಮೆಯನ್ನು ಬೇಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಸಂಪ್ರದಾಯವಿಲ್ಲ.

ಇಷ್ಟು ದೋಷಗಳಿದ್ದರೂ ಈ ಕಲೆಯು ಸಾರ್ಥಕವೆಂಬುದಕ್ಕೆ ಎರಡು ವೃತ್ತಾಂತಗಳು ಸಾಕು. ವೆಲ್ಸ್ ಮಹಾಶಯನ ೧೮೯೫ರ ಕಾದಂಬರಿಯನ್ನು ಆಧರಿಸಿ ಜಾರ್ಜ್ ಪಾಲನು ೧೯೬೦ರಲ್ಲಿ ತೆಗೆದ ‘ದಿ ಟೈಮ್ ಮೆಷೀನ್’ ಚಿತ್ರದ ಕಾಲಯಂತ್ರವು, ಕ್ಷೌರಿಕನ ಕುರ್ಚಿಯ ಹಿಂದೆ ದೊಡ್ಡ ಚಕ್ರವು ತಿರುಗುವ ಸುಂದರವಾದ ನಿರ್ಮಾಣ. ೧೯೭೦ರಲ್ಲಿ ಚಿತ್ರಸಂಸ್ಥೆಯು ತನ್ನ ಸಾಮಗ್ರಿಯನ್ನೆಲ್ಲ ಹರಾಜು ಹಾಕಿದಾಗ ಅದೂ ಕೈಬಿಟ್ಟುಹೋಯಿತು. ಕೆಲವು ವರ್ಷಗಳಾದ ಮೇಲೆ ಕ್ಯಾಲಿಫೋರ್ನಿಯದ ಆರೆಂಜ್ ಎಂಬ ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದು ಜೀರ್ಣವಾಗಿ ಬಿದ್ದಿದ್ದುದನ್ನು ಬಾಬ್ ಬರ್ನ್ಸ್ ಎಂಬ ಸಂಗ್ರಾಹಕನು ಕಂಡು, ಕೊಂಡು, ಮಿತ್ರರ ನೆರವಿನಿಂದ ಉದ್ಧಾರಮಾಡಿದನು. ಕಲ್ಪನೆಯಲ್ಲಿ ಕಾಲವನ್ನು ಗೆದ್ದ ಯಂತ್ರವು ವಾಸ್ತವದಲ್ಲಿ ಹತ್ತು ಹದಿನೈದು ವರ್ಷಗಳ ಕಾಲವನ್ನು ತಡೆದುಕೊಳ್ಳಲಾರದೆ ಹೋಯಿತು. ಅದನ್ನು ಉಳಿಸಿದುದು ಪ್ರೀತಿಯಿಂದ ನೋಡಿದ ಕಣ್ಣು, ಮಾಡಲು ಬಲ್ಲ ಕೈ.

ಎರಡನೆಯ ವೃತ್ತಾಂತವು ಇನ್ನೂ ವಿಸ್ಮಯಕರ. ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಆರ್‌ಟೂ ಡೀಟೂ ಎಂಬ ಗಿಡ್ಡ ಯಂತ್ರಪಾತ್ರವೊಂದುಂಟು. ಅದನ್ನು ಪೂರ್ಣಪ್ರಮಾಣದಲ್ಲಿ ಮಾಡುವ ಹವ್ಯಾಸಿಗಳು ೧೯೯೯ರಲ್ಲಿ ಒಂದು ಬಳಗವನ್ನು ಕಟ್ಟಿಕೊಂಡು ಅಳತೆಗಳನ್ನೂ ಅನುಭವವನ್ನೂ ಹಂಚಿಕೊಂಡರು. ೨೦೧೩ರಲ್ಲಿ ಜರ್ಮನಿಯ ಎಸ್ಸೆನ್ ನಗರದ ಸಮ್ಮೇಳನದಲ್ಲಿ ಇವರ ಕೆಲಸವನ್ನು ಚಿತ್ರದ ನಿರ್ಮಾಪಕಿಯು ನೋಡಿದಳು. ೨೦೧೫ರಲ್ಲಿ ಹೊರಬಂದ ಮುಂದಿನ ಚಿತ್ರಕ್ಕೆ ಆ ಯಂತ್ರವನ್ನು ಮಾಡಲು ಈ ಬಳಗದ ಇಬ್ಬರು ಇಂಗ್ಲಿಷ್ ಹವ್ಯಾಸಿಗಳನ್ನೇ ನೇಮಿಸಿಕೊಂಡರು. ಟೀಕಾಕಾರನೇ ಮೂಲಗ್ರಂಥದ ಮುಂದಿನ ಸರ್ಗವನ್ನು ಬರೆದಂತಾಯಿತು. ‘ಮೂರನೆಯ ಸುಳ್ಳು’ ಹೀಗೆ ಮೊದಲನೆಯ ಸ್ಥಾನಕ್ಕೆ ಬಂದು ನಿಂತಿತೆಂಬುದನ್ನು ನಮ್ಮ ಗೋಷ್ಠಿಯ ಹಿರಿಯರು ಪರಾಂಬರಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಇದೆಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ ಸಂಗತಿಯು ಬೇರೊಂದು. ‘ಸ್ಟಾರ್ ಟ್ರೆಕ್’ ಕಥಾಮಾಲೆಯಲ್ಲಿ ಪಾತ್ರಗಳು ಅಂಗೈಯಲ್ಲಿ ಹಿಡಿದು ಮಾತನಾಡುವ ಮಡಚುವ ಯಂತ್ರವನ್ನು ಮಾಡಿದವನು ವಾ ಚಾಂಗ್ ಎಂಬ ಕುಶಲನಾದ ಶಿಲ್ಪಿ. ಕಾರ್ಮಿಕಸಂಘದ ಕಟ್ಟಳೆಗಳ ದೆಸೆಯಿಂದ ಅವನ ಹೆಸರು ತೆರೆಯ ಮೇಲೆ ಬರಲಿಲ್ಲ. ಆ ವಸ್ತುವನ್ನು ತಾವೇ ಮಾಡಹೊರಟವರು, ಇದನ್ನು ಮೊದಲು ಮಾಡಿದ ಕೈ ಯಾರದೆಂದು ಕೇಳುವವರಾದುದರಿಂದ, ಅವನ ಹೆಸರು ಇಂದು ಗೌರವದಿಂದ ಉಚ್ಚರಿಸಲ್ಪಡುತ್ತದೆ. ಪ್ರೇಕ್ಷಕನು ನಟನನ್ನು ನೆನೆಯುತ್ತಾನೆ. ನೇಪಥ್ಯದವನನ್ನು ನೆನೆಯುವವನು ಅವನ ಕಷ್ಟವನ್ನು ತಾನೂ ಪಟ್ಟವನೇ ಆಗಬೇಕು. ನಮ್ಮ ಯಕ್ಷಗಾನದ ಕಿರೀಟವನ್ನೂ ಭುಜಕೀರ್ತಿಯನ್ನೂ ಹಗುರವಾದ ಮರದಲ್ಲಿ ಕೆತ್ತಿ, ಬೇಗಡೆ ಹಚ್ಚಿ, ಕನ್ನಡಿಯ ಚೂರುಗಳನ್ನು ಕೂಡಿಸಿದವರು ಯಾರು? ರಾತ್ರಿಯೆಲ್ಲ ಆಟವನ್ನು ನೋಡಿದ ನಾವು ಭಾಗವತರ ಹೆಸರನ್ನು ಬಲ್ಲೆವು, ವೇಷಧಾರಿಯ ಹೆಸರನ್ನು ಬಲ್ಲೆವು. ದೀಪದ ಬೆಳಕಿನಲ್ಲಿ ಕಣ್ಣು ಕೋರೈಸಿದ ಆ ಕಿರೀಟದ ಕರ್ತೃವನ್ನು ಎಂದಾದರೂ ವಿಚಾರಿಸಿದೆವೆ?

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಹುಡುಗರಿಗೆ “ನಕಲು ಮಾಡಬೇಡಿರಿ” ಎಂದು ಗದರಿಸುತ್ತ ಬಂದವನು. ಪರೀಕ್ಷೆಯ ಕೊಠಡಿಯಲ್ಲಿ ಆ ಮಾತು ಸರಿಯೇ. ಆದರೆ ನಾನೇ ಪಾಠಶಾಲೆಯಲ್ಲಿ ಗುರುಗಳ ಟೀಕಾಗ್ರಂಥವನ್ನು ನಾಲ್ಕು ತಿಂಗಳು ಕುಳಿತು ಅಕ್ಷರಶಃ ನಕಲು ಮಾಡಿದೆನೆಂಬುದನ್ನೂ, ಎರಡು ಸಾರಿ ಪಾಠ ಕೇಳಿದರೂ ತಿಳಿಯದ ಒಂದು ಪಂಕ್ತಿಯು ಬರೆಯುವಾಗ ತಾನಾಗಿ ತಿಳಿಯಿತೆಂಬುದನ್ನೂ ಯಾವ ಹುಡುಗನಿಗೂ ಹೇಳಲಿಲ್ಲ. ಅಂದಿನ ಗೋಷ್ಠಿಯಲ್ಲಿ ಆ ತರುಣನು ವಸ್ತುವನ್ನು ಚೀಲಕ್ಕೆ ಹಾಕಿಕೊಳ್ಳುವಾಗ, “ಇದನ್ನು ಮಾಡಿದ ಮೇಲೆ ಆ ಚಿತ್ರವನ್ನು ಇನ್ನೊಮ್ಮೆ ನೋಡಿದೆಯೇನಪ್ಪಾ? ಏನು ಕಂಡಿತು?” ಎಂದು ನಾನು ಕೇಳಬೇಕಾಗಿತ್ತು. ಮುಂದಿನ ತಿಂಗಳ ಗೋಷ್ಠಿಗೆ ಅವನು ಅದನ್ನು ಮತ್ತೆ ತರಬೇಕೆಂದು ಈ ಲೇಖನದ ಮೂಲಕವೇ ಕೋರುತ್ತೇನೆ. ಆಕ್ಷೇಪಿಸಿದ ಹಿರಿಯರೂ ದಯಮಾಡಿಸಬೇಕು. ಸಹೃದಯರು ದೋಷವಿದ್ದರೆ ತಿದ್ದಿ, ಗುಣವಿದ್ದರೆ ಗ್ರಹಿಸಬೇಕಾಗಿ ವಿಜ್ಞಾಪನೆ.